ಅನ್ನಪೂರ್ಣ ಸರ್ಕಿಟ್‌ಗೆ ಗೈಡ್ ಬೇಕಾ? ದಾರಿ ತೋರಿಸೋಕಂತೂ ಅಲ್ಲ

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 44, ಕೂತು ಮಾಡುವ ಕೆಲಸ, ಕುಮಾರ ಪರ್ವತ ಎರಡು ಸಲ ಹತ್ತಿದ್ದೀರಿ. ಈಗ ನೇಪಾಳದ ಅನ್ನಪೂರ್ಣ ಸರ್ಕಿಟ್, ಅಂದರೆ ಅನ್ನಪೂರ್ಣ ಪರ್ವತಗಳನ್ನು ಸುತ್ತಿ ಬರುವ ಚಾರಣದ ದಾರಿ, ಪೂರ್ತಿ ನಡೆಯುವ ಆಸೆ. ಮೈ ತಡೆಯುತ್ತಾ? ಮೂರು ವಾರ ಗೈಡ್‌ಗೆ ದುಡ್ಡು ಸುರಿಯುವುದು ದಂಡ ಅಲ್ವಾ?

ನಾನು ಹೋಗಿದ್ದು 2019ರ ಅಕ್ಟೋಬರ್‌ನಲ್ಲಿ, 46ನೇ ವಯಸ್ಸಿಗೆ. ನಾವು ನಾಲ್ವರು ಗೆಳೆಯರು, ಒಬ್ಬರು ಗೈಡ್, ಇಬ್ಬರು ಪೋರ್ಟರ್‌ಗಳು. 18 ದಿನ ನಡೆದೆವು.

ಮೊದಲು ಮೈ ವಿಷಯ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಸುಮಾರು 1,600 ಮೀಟರ್ ಏರಬೇಕು, ಅಲ್ವಾ? ಅಷ್ಟು ಏರುವ ದಿನ ಈ ಸರ್ಕಿಟ್‌ನಲ್ಲಿ ಒಂದೂ ಇಲ್ಲ. ದಿನಕ್ಕೆ ಐದಾರು ಗಂಟೆ ನಡಿಗೆ, ರಾತ್ರಿ ಟೀ ಹೌಸ್‌ನಲ್ಲಿ ಹಾಸಿಗೆ, ಎರಡು ಹೊತ್ತು ದಾಲ್ ಭಾತ್. ಟೀ ಹೌಸ್ ಅಂದರೆ ಕುಮಾರ ಪರ್ವತದ ದಾರಿಯಲ್ಲಿ ಊಟ ಹಾಕುವ ನಮ್ಮ ಭಟ್ಟರ ಮನೆ ಇದ್ದ ಹಾಗೆ, ಆದರೆ ಎರಡು ಗಂಟೆಗೊಂದು ಸಿಗುತ್ತದೆ. ಕೋಣೆ ಅಗ್ಗ, ಊಟ ಮಾತ್ರ ಅಲ್ಲೇ ಮಾಡಬೇಕು ಅನ್ನುವುದು ಅಲ್ಲಿನ ರೂಢಿ. ಒಂದೇ ಒಂದು ದಿನ ಕಷ್ಟದ್ದು. ತೊರಂಗ್ ಲಾ ಅನ್ನುವ ಕಣಿವೆ, ಅಂದರೆ ಎರಡು ಬೆಟ್ಟಗಳ ನಡುವಿನ ಎತ್ತರದ ದಾರಿ, ದಾಟುವ ದಿನ 5,416 ಮೀಟರ್‌ಗೆ ಏರಿ, ಅಲ್ಲಿಂದ 3,800 ಮೀಟರ್‌ನ ಮುಕ್ತಿನಾಥಕ್ಕೆ ಇಳಿಯಬೇಕು. ಆ ಇಳಿತ ಲೆಕ್ಕ ಹಾಕಿ ನೋಡಿ, ಮತ್ತೆ ಅದೇ 1,600! ಕುಮಾರ ಪರ್ವತ ಇಳಿದ ಮರುದಿನ ನಿಮ್ಮ ಮಂಡಿ ಹೇಗಿತ್ತು ಅಂತ ನೆನಪಿಸಿಕೊಳ್ಳಿ. ಈಗಿನಿಂದಲೇ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವ ಅಭ್ಯಾಸ ಜಾಸ್ತಿ ಮಾಡಿ. ಎರಡು ವಾಕಿಂಗ್ ಪೋಲ್ ತಗೊಳ್ಳಿ. ಉಳಿದದ್ದಕ್ಕೆ ಭಯ ಬೇಡ.

ಇನ್ನು ಗೈಡ್. ದಾರಿ ಹುಡುಕುವುದಕ್ಕೆ ಗೈಡ್ ಬೇಕಿಲ್ಲ. ಕಲ್ಲು, ಮರ, ಗೋಡೆ ಎಲ್ಲದರ ಮೇಲೂ ಕೆಂಪು ಬಿಳಿ ಪಟ್ಟಿ ಬಳಿದಿದ್ದಾರೆ. ಪಕ್ಕದ ದಾರಿಗಳಿಗೆ ನೀಲಿ ಬಿಳಿ. ತಪ್ಪಿಸಿಕೊಳ್ಳಬೇಕು ಅಂದರೂ ಕಷ್ಟ. 2023ರ ಏಪ್ರಿಲ್‌ನಿಂದ ಹೊರದೇಶದ ಟ್ರೆಕ್ಕರ್‌ಗಳು ಗೈಡ್ ಇಟ್ಟುಕೊಳ್ಳಲೇಬೇಕು ಅಂತ ನೇಪಾಳ ಪ್ರವಾಸೋದ್ಯಮ ಮಂಡಳಿ ಘೋಷಿಸಿತು. ಅದನ್ನು ಪಕ್ಕಕ್ಕಿಟ್ಟೇ ಹೇಳುತ್ತೇನೆ, ಕೇಳಿ.

ನಮ್ಮ ಗೈಡ್ ಲಮ್‌ಜುಂಗ್ ಕಡೆಯ ಗುರುಂಗ್ ಸಮುದಾಯದವರು. ನಾವು ದಾಯಿ ಅಂತ ಕರೆಯುತ್ತಿದ್ದೆವು, ಅಂದರೆ ಅಣ್ಣ. ಮೊದಲ ದಿನ ಬಂದಾಗ ಅವರ ಹಣೆಯ ಮೇಲೆ ದಸರೆಯ ಟೀಕಾ, ಮೊಸರು ಅಕ್ಕಿ ಕುಂಕುಮ ಕಲಸಿ ಹಚ್ಚುವುದು, ಇನ್ನೂ ಪೂರ್ತಿ ಹೋಗಿರಲಿಲ್ಲ. ಅಲ್ಲಿ ದಶೈಂ ದೊಡ್ಡ ಹಬ್ಬ. ಟ್ರೆಕ್ಕಿಂಗ್ ಸೀಸನ್ನೂ ಅದೇ ಹೊತ್ತಿಗೆ. ಹಬ್ಬ ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದರು.

ಅವರು ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು ‘ಬಿಸ್ತಾರೈ, ಬಿಸ್ತಾರೈ’. ವಿಸ್ತಾರ ನೋಡು ಅನ್ನುತ್ತಿದ್ದಾರೆ ಅಂದುಕೊಂಡು ಎರಡು ದಿನ ಸುಮ್ನೆ ಬೆಟ್ಟ ನೋಡಿದೆ. ಆಮೇಲೆ ಗೊತ್ತಾಯಿತು, ಅದರ ಅರ್ಥ ನಿಧಾನ.

ನಡಿಗೆ ಶುರುವಾಗುವ ಬೇಸಿಸಹರ್ ಇರುವುದು 760 ಮೀಟರ್ ಎತ್ತರದಲ್ಲಿ. ಮೊದಲ ನಾಲ್ಕೈದು ದಿನ ಮರ್ಸ್ಯಾಂಗ್ದಿ ನದಿ ಪಕ್ಕ. ಭತ್ತದ ಗದ್ದೆ, ಜಲಪಾತ, ಬೆವರು. ಜೀಪ್ ರಸ್ತೆ ಈಗ ಮನಾಂಗ್‌ವರೆಗೂ ಹೋಗಿದೆ, ಹಾಗಾಗಿ ಧೂಳು ತಿನ್ನುವುದೂ ಇದೆ. ನಿಮಗೆ ರಜೆ ಕಡಿಮೆ ಇದ್ದರೆ ಚಾಮೆವರೆಗೆ ಜೀಪಿನಲ್ಲಿ ಹೋಗಿ, ನಾನೇನೂ ತಪ್ಪು ತಿಳಿಯುವುದಿಲ್ಲ. ಆದರೆ ಕೆಳಗಿನ ಹಳ್ಳಿಯೊಂದರಲ್ಲಿ ದಾಯಿ ಅಡುಗೆಮನೆಗೇ ಕರೆದುಕೊಂಡು ಹೋಗಿ ಢಿಂಡೋ ಮಾಡಿಸಿದರು. ಕೋದೋ ಹಿಟ್ಟು ಬಿಸಿನೀರಿಗೆ ಹಾಕಿ ತಿರುವುತ್ತಿದ್ದಾರೆ, ಕಪ್ಪು ಬಣ್ಣ, ಆ ವಾಸನೆ. ನೋಡಿದರೆ ನಮ್ಮ ರಾಗಿ ಮುದ್ದೆ! ಕೋದೋ ಅಂದರೆ ರಾಗಿಯೇ. ಮಂಡ್ಯದ ಗೆಳೆಯ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದ್ದು ನೋಡಿ ಆ ಮನೆಯಾಕೆ ನಕ್ಕಿದ್ದೇ ನಕ್ಕಿದ್ದು. ಮೆನು ಕಾರ್ಡ್ ನೋಡಿ ಆರ್ಡರ್ ಮಾಡಿದ್ದರೆ ಪಾಸ್ತಾ ಬರುತ್ತಿತ್ತು.

ಪಿಸಾಂಗ್‌ನಿಂದ ಮುಂದೆ ದಾರಿ ಎರಡಾಗುತ್ತದೆ. ಕೆಳಗಿನದು ಜೀಪ್ ರಸ್ತೆ, ಸಲೀಸು. ಮೇಲಿನದು ಘ್ಯಾರು, ಙವಾಲ್ ಹಳ್ಳಿಗಳ ಮೂಲಕ. ಮೇಲಿನದನ್ನೇ ಹಿಡಿಯಿರಿ. ಘ್ಯಾರುವಿಗೆ ಹೋಗುವ ಹಾವಿನಂಥ ಏರುದಾರಿಯಲ್ಲಿ ಬೈಗುಳ ಬರುತ್ತದೆ, ಗ್ಯಾರಂಟಿ. ಹತ್ತಿ ನಿಂತರೆ ಎದುರಿಗೆ 7,937 ಮೀಟರ್‌ನ ಎರಡನೇ ಅನ್ನಪೂರ್ಣ ಗೋಡೆ ಹಾಗೆ ನಿಂತಿರುತ್ತದೆ. ಕಲ್ಲಿನ ಮನೆಗಳು, ಮಣ್ಣಿನ ಚಪ್ಪಟೆ ಮಾಳಿಗೆ, ಮಾಳಿಗೆಯ ಅಂಚಿಗೆ ಪೇರಿಸಿಟ್ಟ ಸೌದೆ. ಏಣಿ ಅಂದರೆ ಮೆಟ್ಟಿಲು ಕೊರೆದ ಒಂಟಿ ಮರದ ದಿಮ್ಮಿ. ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆ ಬಂದಾಗಲೆಲ್ಲ ದಾಯಿ ನಮ್ಮನ್ನು ಎಡಗಡೆಯಿಂದ ದಾಟಿಸುತ್ತಿದ್ದರು. ಗೋಡೆ ಬಲಕ್ಕಿರಬೇಕು, ನಮ್ಮ ಪ್ರದಕ್ಷಿಣೆ ಲೆಕ್ಕವೇ. ಈ ದಾರಿಗೆ ಇನ್ನೊಂದು ಲಾಭವಿದೆ. ಇಲ್ಲಿ 3,600 ಮೀಟರ್ ದಾಟಿ ಮಲಗಿ, ಆಮೇಲೆ 3,540 ಮೀಟರ್‌ನ ಮನಾಂಗ್‌ಗೆ ಇಳಿಯುತ್ತೀರಿ. ಮೈ ಎತ್ತರಕ್ಕೆ ಹೊಂದಿಕೊಳ್ಳುತ್ತದೆ.

ನನ್ನ ಮೈ ಹೊಂದಿಕೊಳ್ಳಲಿಲ್ಲ. ಮನಾಂಗ್‌ಗೆ ಬಂದ ಸಂಜೆ ತಲೆನೋವು ಶುರು. ಯಾರಿಗೂ ಹೇಳಲಿಲ್ಲ. ಮಾತ್ರೆ ನುಂಗಿ ನಗುತ್ತಾ ಕೂತೆ. ಮರುದಿನ ಎಲ್ಲರೂ ವಿಶ್ರಾಂತಿ, ಅದರ ಮರುದಿನ ತಿಲಿಚೊ ಕೆರೆ ಕಡೆಗೆ ಹೊರಡುವುದು ಅಂತಿತ್ತು. 4,919 ಮೀಟರ್ ಎತ್ತರದ ಕೆರೆ, ಎಲ್ಲರಿಗೂ ಅದರ ಕನಸು. ಎರಡನೇ ರಾತ್ರಿ ದಾಯಿ ಪಕ್ಕ ಬಂದು ಕೂತು, ‘ಎರಡು ಊಟದಿಂದ ಅನ್ನ ಬಿಡುತ್ತಿದ್ದೀರಿ. ತಲೆ ಎಷ್ಟು ನೋಯುತ್ತಿದೆ?’ ಅಂದರು. ನೋಯುತ್ತಿದೆಯಾ ಅಂತ ಕೇಳಲಿಲ್ಲ, ಎಷ್ಟು ಅಂತ ಕೇಳಿದರು. ಸಿಕ್ಕಿಬಿದ್ದೆ.

ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಆರೋಗ್ಯ ಕೇಂದ್ರ ಇದೆ. ಸೀಸನ್‌ನಲ್ಲಿ ವೈದ್ಯರು ಇರುತ್ತಾರೆ, ಮಧ್ಯಾಹ್ನ ಎತ್ತರದ ಕಾಯಿಲೆ (ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವುದು) ಬಗ್ಗೆ ಪಾಠ ಮಾಡುತ್ತಾರೆ. ಅದನ್ನು ತಪ್ಪಿಸಬೇಡಿ. ತಲೆನೋವು ಹೋಗುವವರೆಗೆ ಇನ್ನೂ ಮೇಲೆ ಹೋಗಿ ಮಲಗುವಂತಿಲ್ಲ ಅಂದರು ಅಲ್ಲಿನ ವೈದ್ಯರು. ಜಾಸ್ತಿಯಾದರೆ ಕೆಳಗಿಳಿಯುವುದೇ ಮದ್ದು. ಡಯಾಮಾಕ್ಸ್ ಮಾತ್ರೆ ಸಹಾಯ ಮಾಡುತ್ತದೆ, ಆದರೆ ಅದು ಸಲ್ಫಾ ಜಾತಿಯ ಔಷಧಿ. ಅಲರ್ಜಿ ಇದೆಯಾ ಅಂತ ಊರಲ್ಲೇ ಡಾಕ್ಟರ್ ಹತ್ತಿರ ಕೇಳಿಕೊಂಡು ಹೋಗಿ.

ನನಗಾಗಿ ಎಲ್ಲರೂ ಇನ್ನೆರಡು ದಿನ ಅಲ್ಲೇ ಕೂತರು. ತಿಲಿಚೊ ಕೈತಪ್ಪಿತು. ದಾಯಿ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಒಂದು ಇಡೀ ದಿನ ಮಾತಾಡಲಿಲ್ಲ. ಮಂಡ್ಯದವನು ಇವತ್ತಿಗೂ ಕೆರೆ ಅನ್ನುವ ಶಬ್ದ ಬಂದರೆ ನನ್ನ ಮುಖ ನೋಡುತ್ತಾನೆ. ಮೂರನೇ ಬೆಳಿಗ್ಗೆ ಎದ್ದಾಗ ತಲೆ ಹಗುರ, ಹೊಟ್ಟೆ ತುಂಬ ಹಸಿವು. ಅದಾಗಿ ನಾಲ್ಕು ದಿನಕ್ಕೆ, ಕಣಿವೆಯ ಬುಡದ ಫೇದಿಯಲ್ಲಿ, ಬೇರೆ ಗುಂಪಿನ ಹುಡುಗನೊಬ್ಬನನ್ನು ಕುದುರೆ ಮೇಲೆ ಕೂರಿಸಿ ಕೆಳಗೆ ಕರೆದೊಯ್ಯುತ್ತಿದ್ದರು. ನನ್ನ ಅರ್ಧ ವಯಸ್ಸು. ಜೀನು ಹಿಡಿಯಲೂ ಅವನ ಕೈಗೆ ಆಗುತ್ತಿರಲಿಲ್ಲ.

ನೀವು ಗೈಡ್‌ಗೆ ದುಡ್ಡು ಕೊಡುವುದು ಇದಕ್ಕೆ. ಖರ್ಚು ಮಾಡಿ, ರಜೆ ಹಾಕಿ ಅಲ್ಲಿವರೆಗೆ ಬಂದವನು ತಾನಾಗಿ ನಿಲ್ಲುವುದಿಲ್ಲ. ನಿಲ್ಲಿಸುವವರು ಬೇಕು. ಹವಾಮಾನದ ಮಾತೂ ಹಾಗೇ. 2014ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತದ ಉಳಿಕೆ ಎರಡು ದಿನದಲ್ಲಿ ಈ ಬೆಟ್ಟಗಳಿಗೆ ಬಂದು ಹಿಮ ಸುರಿಸಿತು. ತೊರಂಗ್ ಲಾ ಮತ್ತು ಆಸುಪಾಸಿನಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಸ್ಥಳೀಯ ಗೈಡ್‌ಗಳೂ ಇದ್ದರು ಅದರಲ್ಲಿ. ಹಾಗಾಗಿ ಗೈಡ್ ಇದ್ದಾಕ್ಷಣ ಬಚಾವ್ ಅಂತಲ್ಲ. ಆದರೆ ಫೇದಿಯಲ್ಲಿ ನಾವು ಇಸ್ಪೀಟ್ ಆಡುತ್ತಿದ್ದಾಗ ದಾಯಿ ಒಂದೊಂದು ಅಡುಗೆಮನೆಗೂ ಹೋಗಿ, ಕುದುರೆಯವರನ್ನು ಕೂರಿಸಿಕೊಂಡು, ಮೇಲೆ ಗಾಳಿ ಹೇಗಿದೆ ಅಂತ ವಿಚಾರಿಸುತ್ತಿದ್ದರು. ನಾನು ಹೋಗಿ ಕೇಳಿದರೆ ಯಾರು ಹೇಳುತ್ತಾರೆ?

ಬೆಳಗಿನ ಜಾವ ನಾಲ್ಕಕ್ಕೆ ಟಾರ್ಚ್ ಕಟ್ಟಿಕೊಂಡು ಹೊರಟು, ಗಾಳಿ ಏಳುವ ಮುಂಚೆ ದಾಟಿದೆವು. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು. ಹತ್ತು ಹೆಜ್ಜೆ, ನಿಲ್ಲು, ಮತ್ತೆ ಹತ್ತು ಹೆಜ್ಜೆ. ತುದಿಯಲ್ಲಿ ಬಾವುಟಗಳು, ಒಂದು ಪುಟ್ಟ ಚಹಾ ಅಂಗಡಿ. ಫೋಟೊ ತೆಗೆದು, ಚಹಾ ಕುಡಿದು ಇಳಿದೆವು, ಅಷ್ಟೇ.

ಒಂದು ಬೇಸರವನ್ನೂ ಹೇಳಬೇಕು. ನಮ್ಮ ಇಬ್ಬರು ಪೋರ್ಟರ್‌ಗಳಲ್ಲಿ ಚಿಕ್ಕವನಿಗೆ ಕ್ಯಾನ್‌ವಾಸ್ ಶೂ, ತೆಳ್ಳನೆ ಜಾಕೆಟ್, ಗ್ಲೌಸ್ ಇಲ್ಲ. ನಾವು ದುಡ್ಡು ಕಟ್ಟಿದ ಏಜೆನ್ಸಿ (ಹೆಸರು ಬೇಡ) ಎಲ್ಲ ಕೊಡುತ್ತೇವೆ ಅಂದಿತ್ತು. ದಾಯಿ ತಮ್ಮ ಗ್ಲೌಸ್ ಕೊಟ್ಟರು, ನಾವು ಜಾಕೆಟ್ ಕೊಟ್ಟೆವು. ತಪ್ಪು ನಮ್ಮದೂ ಇತ್ತು. ಚಾಮೆಯಲ್ಲೇ ಅವನ ಕಾಲು ನೋಡಬೇಕಿತ್ತು, ನೋಡಿದ್ದು ಫೇದಿ ಹತ್ತಿರ ಬಂದಾಗ. ಬುಕ್ ಮಾಡುವಾಗ ಈ ಮೂರನ್ನು ಕೇಳಿ: ಪೋರ್ಟರ್‌ಗೆ ವಿಮೆ ಇದೆಯಾ, ಬಟ್ಟೆ ಯಾರು ಕೊಡುತ್ತಾರೆ, ಎಷ್ಟು ಕಿಲೋ ಹೊರಿಸುತ್ತೀರಿ. ತಡವರಿಸಿದರೆ ಬೇರೆ ಏಜೆನ್ಸಿ ನೋಡಿ. ನಿಮ್ಮ ವಿಮೆಯಲ್ಲೂ ಹೆಲಿಕಾಪ್ಟರ್ ಖರ್ಚು ಎಷ್ಟು ಎತ್ತರದವರೆಗೆ ಬರುತ್ತದೆ ಅಂತ ಓದಿ ನೋಡಿ.

ಕಾಗದಪತ್ರದ ತಲೆಬಿಸಿ ಜಾಸ್ತಿ ಇಲ್ಲ. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಲಿ, ಆಧಾರ್ ನಂಬಿಕೊಂಡು ಹೋಗಬೇಡಿ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್‌ಗೆ ನಾನು ಹೋದಾಗ ಸಾರ್ಕ್ ದೇಶದವರಿಗೆ 1,000 ನೇಪಾಳಿ ರೂಪಾಯಿ ಇತ್ತು. ನಮ್ಮ 100 ರೂಪಾಯಿಗೆ ಅವರ 160.

ಮುಕ್ತಿನಾಥದಲ್ಲಿ ಒಂದು ದಿನ ಉಳಿಸಿಕೊಳ್ಳಿ. ಎಲ್ಲರೂ ಓಡಿಬಿಡುತ್ತಾರೆ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ, ಅಂದರೆ ವಿಷ್ಣುವಿನ ಪುಣ್ಯಕ್ಷೇತ್ರಗಳಲ್ಲಿ, ಅದೂ ಒಂದು, ಬೌದ್ಧರಿಗೂ ಪವಿತ್ರ. ಗುಡಿಯ ಹಿಂದೆ ಅರ್ಧಚಂದ್ರದ ಗೋಡೆಯಲ್ಲಿ 108 ನೀರಿನ ಬಾಯಿಗಳಿವೆ. ನೀರು ಎಷ್ಟು ತಣ್ಣಗೆ ಅಂದರೆ ಹತ್ತನೆಯದಕ್ಕೆ ತಲೆ ಮರಗಟ್ಟುತ್ತದೆ. ಕೆಳಗೆ ಕಾಗ್‌ಬೇನಿಯಲ್ಲಿ ಕಾಳಿ ಗಂಡಕಿ. ನಮ್ಮದು ಮಾಧ್ವರ ಮನೆ. ಅಜ್ಜನ ಕಾಲದ ಸಾಲಿಗ್ರಾಮಕ್ಕೆ ಇವತ್ತಿಗೂ ದಿನಾ ಅಭಿಷೇಕ ನಡೆಯುತ್ತದೆ. ಅದು ಈ ನದಿಯ ಕಲ್ಲು, ಹಿಮಾಲಯ ಏಳುವ ಮುಂಚೆ ಇಲ್ಲಿದ್ದ ಸಮುದ್ರದ ಜೀವಿಯ ಗುರುತು ಅಂತ ಓದಿ ಗೊತ್ತಿತ್ತು. ನದಿಯ ಪಾತ್ರದಲ್ಲಿ ಕೂತು ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮಧ್ಯಾಹ್ನದ ಗಾಳಿ ಅಲ್ಲಿ ಭಯಂಕರ, ಒಂದು ಮಾತೂ ಕೇಳಿಸಲಿಲ್ಲ. ಅಪ್ಪ ಮಾತ್ರ ಫೋನ್ ಹಿಡಿದುಕೊಂಡೇ ಎದ್ದು ನಿಂತರು.