ಮಗಳು ‘ಬೇಡ’ ಎಂದದ್ದಕ್ಕೆ ನೀವು ಕೊಟ್ಟದ್ದು ಒಂದೇ ಸಾಲು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದಿದ ಮೇಲೆ ಉಳಿದವುಗಳನ್ನು ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಬರೆದವರು ಇಬ್ಬರು ಮಕ್ಕಳ ತಾಯಿ. ಆರು ವರ್ಷದ ಮಗನಿಗೆ ಡುಶೆನ್ ಸ್ನಾಯುಕ್ಷಯ ಇರುವುದು ಕಳೆದ ವರ್ಷ ಖಚಿತವಾಗಿದೆ. ದೋಷವುಳ್ಳ ವಂಶವಾಹಿ ತಮ್ಮಿಂದಲೇ ಬಂದಿದೆಯೆಂಬುದೂ ಪರೀಕ್ಷೆಯಿಂದ ತಿಳಿದಿದೆ. ಈ ಕಾಯಿಲೆಯ ಮಕ್ಕಳನ್ನು ಎರಡು ವರ್ಷ ಗಮನಿಸುವ ಅಧ್ಯಯನವೊಂದಕ್ಕೆ ಕರೆ ಬಂದಿದ್ದು, ಆರು ತಿಂಗಳಿಗೊಮ್ಮೆ ಒಂದು ರಾತ್ರಿಯ ಪ್ರಯಾಣ ಮಾಡಿ ಮೂರು ದಿನ ಅಲ್ಲಿರಬೇಕು. ಅತ್ತೆ “ಮಗುವನ್ನು ಪ್ರಯೋಗಕ್ಕೆ ಒಡ್ಡಬೇಡ” ಎನ್ನುತ್ತಾರೆ, ಪತಿ “ನಿನಗೆ ಸರಿ ಕಂಡಂತೆ ಮಾಡು” ಎನ್ನುತ್ತಾರೆ. ಹೋಗುವುದು ಸರಿಯೇ, ಹೋದರೆ ಇಬ್ಬರು ಮಕ್ಕಳನ್ನು ಒಬ್ಬಳೇ ಹೇಗೆ ಸಂಭಾಳಿಸಲಿ ಎಂಬುದು ಅವರ ಪ್ರಶ್ನೆ.

ತಾಯಿ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಹೋಗಬಹುದು. ಆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ತಿಳಿದು ಹೋಗಿ. ನೀವು ಕಳುಹಿಸಿದ ಮಾಹಿತಿ ಪತ್ರದ ಪ್ರಕಾರ ಅಲ್ಲಿ ಯಾವ ಔಷಧವನ್ನೂ ಕೊಡುವುದಿಲ್ಲ. ಕಾಯಿಲೆ ತನ್ನಷ್ಟಕ್ಕೆ ಹೇಗೆ ಸಾಗುತ್ತದೆ ಎಂಬುದನ್ನು ಅಳೆದು ದಾಖಲಿಸುತ್ತಾರೆ, ಅಷ್ಟೆ. ಅದೇನು ಸಣ್ಣ ಕೆಲಸವಲ್ಲ. ಈ ಕಾಯಿಲೆಯಲ್ಲಿ ಸುಮಾರು 7 ವರ್ಷದವರೆಗೆ ಕೆಲವು ಮಕ್ಕಳ ನಡಿಗೆ ಬೆಳವಣಿಗೆಯ ಬಲದಿಂದಲೇ ಸುಧಾರಿಸಿದಂತೆ ಕಾಣುವುದುಂಟು. ಆ ಸಹಜ ಏರಿಳಿತ ಎಷ್ಟೆಂದು ಮೊದಲೇ ಗೊತ್ತಿರದಿದ್ದರೆ, ನಾಳೆ ಹೊಸ ಔಷಧ ಕೊಟ್ಟ ಮಗು ಚುರುಕಾದಾಗ ಅದು ಔಷಧದ ಗುಣವೋ ವಯಸ್ಸಿನ ಗುಣವೋ ಎಂದು ಹೇಳುವುದು ಕಷ್ಟ. ಹಾಗಾಗಿ ನಿಮ್ಮ ಅತ್ತೆಯವರ ಭಯಕ್ಕೆ ಇಲ್ಲಿ ಹೆಚ್ಚಿನ ಆಧಾರವಿಲ್ಲ. ಆದರೆ ಇದು ಚಿಕಿತ್ಸೆಯಲ್ಲ. ಅಧ್ಯಯನವನ್ನೇ ಚಿಕಿತ್ಸೆಯೆಂದು ಭಾವಿಸುವ ಭ್ರಮೆ ಎಷ್ಟು ವ್ಯಾಪಕವೆಂದರೆ, ಸಂಶೋಧಕರು 1982ರಲ್ಲಿಯೇ ಅದಕ್ಕೊಂದು ಹೆಸರಿಟ್ಟು ಚರ್ಚಿಸಿದ್ದಾರೆ.

ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಪತ್ರದ ಮೂರನೆಯ ಪುಟದಲ್ಲಿರುವ, ನೀವು ಹಾಗೆಯೇ ದಾಟಿ ಹೋಗಿರುವ ಒಂದು ಸಾಲು. ಒಂಬತ್ತು ವರ್ಷದ ಮಗಳನ್ನು ಬಿಟ್ಟು ಹೋಗಲು ಯಾರೂ ಇಲ್ಲ. ಅವಳ ರಕ್ತವನ್ನೂ ಕೊಟ್ಟರೆ ಅವಳೂ ಅಧ್ಯಯನಕ್ಕೆ ಸೇರಿದಂತಾಗಿ ಅವಳ ಪ್ರಯಾಣದ ಖರ್ಚೂ ಸಿಗುತ್ತದೆಯೆಂದು ಸಂಯೋಜಕರು ತಿಳಿಸಿದ್ದಾರೆ. “ಮೊದಲು ಬೇಡವೆಂದು ಅತ್ತು ಬಾಗಿಲು ಹಾಕಿಕೊಂಡಳು, ಆಮೇಲೆ ಸರಿಹೋದಳು” ಎಂದು ಬರೆದಿದ್ದೀರಿ. ಸರಿಹೋದಳು ಎಂದರೇನು? ಒಪ್ಪಿದಳೋ, ಸುಮ್ಮನಾದಳೋ? ಮನೆಯಲ್ಲಿ ಒಂದು ಮಗು ಕಾಯಿಲೆ ಬಿದ್ದಾಗ ಎಲ್ಲರ ಕಣ್ಣಿನಿಂದ ಮರೆಯಾಗುವುದು ಆರೋಗ್ಯವಾಗಿರುವ ಮಗು ಎಂದು ಈ ಅಂಕಣದಲ್ಲಿ ನಾನು ಎಷ್ಟು ಸಲ ಬರೆದಿದ್ದೇನೆಂದರೆ, ಹಳೆಯ ಓದುಗರು ಬೇಸರಪಟ್ಟುಕೊಂಡಿರಬಹುದು. ಇನ್ನೊಮ್ಮೆ ಬರೆಯುತ್ತಿದ್ದೇನೆ, ಏಕೆಂದರೆ ಇಲ್ಲಿ ಆ ಮಗು ಮರೆಯಾದದ್ದಷ್ಟೇ ಅಲ್ಲ, ಅವಳ ರಕ್ತವೇ ಅವಳ ಟಿಕೆಟ್ಟಿನ ಬೆಲೆಯಾಗಿದೆ.

ಸೂಜಿಯ ನೋವು ಒಂದು ನಿಮಿಷದ್ದು, ನಿಜ. ಚರ್ಮವನ್ನು ಮರಗಟ್ಟಿಸುವ ಮುಲಾಮನ್ನು ಸುಮಾರು ಒಂದು ಗಂಟೆ ಮೊದಲು ಹಚ್ಚಿದರೆ ಅದನ್ನೂ ಬಹುಪಾಲು ತಗ್ಗಿಸಬಹುದು. ಮಗನಿಗೆ ಅದನ್ನು ಕೇಳಿ ಹಚ್ಚಿಸಿ. ನನ್ನ ಚಿಂತೆ ಸೂಜಿ ಹೊರಬಂದ ಮೇಲಿನದು. ಡುಶೆನ್ ಕಾಯಿಲೆಯ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ತಾಯಿ ವಾಹಕಿಯಾಗಿದ್ದರೆ, ಅಂದರೆ ದೋಷವುಳ್ಳ ಆ ವಂಶವಾಹಿಯನ್ನು ಹೊತ್ತವಳಾಗಿದ್ದರೆ, ಪ್ರತಿ ಮಗಳೂ ವಾಹಕಿಯಾಗಿರುವ ಸಾಧ್ಯತೆ ಅರ್ಧದಷ್ಟು. ವಾಹಕಿಯರಲ್ಲಿ ಹೆಚ್ಚಿನವರಿಗೆ ಏನೂ ತೊಂದರೆ ಕಾಣಿಸಿಕೊಳ್ಳದಿದ್ದರೂ ಕೆಲವರಲ್ಲಿ ಸ್ನಾಯುಗಳು, ದೊಡ್ಡವರಾದ ಮೇಲೆ ಹೃದಯದ ಸ್ನಾಯುವೂ ದುರ್ಬಲವಾಗಬಹುದು. ಮುಂದೆ ಅವರಿಗೆ ಹುಟ್ಟುವ ಗಂಡುಮಕ್ಕಳ ಪ್ರಶ್ನೆಯಂತೂ ಇದ್ದೇ ಇದೆ. ಆದ್ದರಿಂದ ನಿಮ್ಮ ಮಗಳ ಆ ಒಂದು ಸೀಸೆ ರಕ್ತದಲ್ಲಿ ಅವಳ ಮದುವೆ, ತಾಯ್ತನ, ಹೃದಯದ ಆರೋಗ್ಯ ಎಲ್ಲಕ್ಕೂ ಸಂಬಂಧಿಸಿದ ಒಂದು ಉತ್ತರ ಇರಬಹುದು. ಲಕ್ಷಣಗಳಿಲ್ಲದ ಮಕ್ಕಳಲ್ಲಿ ಇಂತಹ ವಾಹಕ ಪರೀಕ್ಷೆಯನ್ನು, ಅವರು ಬೆಳೆದು ತಾವೇ ನಿರ್ಧರಿಸುವವರೆಗೆ ಮುಂದೂಡುವುದು ಒಳ್ಳೆಯದೆಂಬುದು ವೈದ್ಯಕೀಯ ತಳಿಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಅವಳ ರಕ್ತ ಕೇವಲ ಆರೋಗ್ಯವಂತ ಮಗುವಿನ ಹೋಲಿಕೆಗಾಗಿಯೋ, ವಂಶವಾಹಿಯ ಪತ್ತೆಗಾಗಿಯೋ, ಫಲಿತಾಂಶವನ್ನು ನಿಮಗೆ ತಿಳಿಸುತ್ತಾರೋ ಇಲ್ಲವೋ, ಮಾದರಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಎಂಬ ಯಾವುದನ್ನೂ ನೀವು ಕೇಳಿದಂತೆ ಕಾಣುವುದಿಲ್ಲ.

ಇನ್ನು ನಿಮ್ಮ ಅಕ್ಕನವರ ವಿಷಯ. “ತಮ್ಮನಿಗೋಸ್ಕರ ನಾಲ್ಕು ಹನಿ ರಕ್ತ ಕೊಡಲಾರಳೇ” ಎಂದು ಆ ಹುಡುಗಿಯ ಮುಂದೆಯೇ ಕೇಳಿದವರು ಅವರು. ಅದೇ ಪುಟದ ಕೆಳಗೆ, ವೈದ್ಯರು ಸೂಚಿಸಿದರೂ ಅವರು ತಮ್ಮ ಪರೀಕ್ಷೆಯನ್ನು ಮಾಡಿಸಿಕೊಂಡಿಲ್ಲ, “ಗೊತ್ತಾದರೆ ನೆಮ್ಮದಿ ಹೋಗುತ್ತದೆ” ಎನ್ನುತ್ತಾರೆ ಎಂದೂ ನೀವೇ ಬರೆದಿದ್ದೀರಿ. ನಿಮ್ಮಲ್ಲಿರುವ ವಂಶವಾಹಿ ನಿಮ್ಮ ತಾಯಿಯಿಂದ ಬಂದಿದ್ದರೆ ಅಕ್ಕನವರಲ್ಲೂ ಅದು ಇರಬಹುದು. ತಿಳಿದುಕೊಳ್ಳದೆ ಇರುವ ಹಕ್ಕು ಅವರಿಗಿದೆ. ಅದನ್ನು ನಾನು ಖಂಡಿತ ಅಲ್ಲಗಳೆಯುವುದಿಲ್ಲ. ಆದರೆ ನಡುವಯಸ್ಸಿನ ಹೆಂಗಸೊಬ್ಬರು ತಮಗಾಗಿ ಕಾದಿರಿಸಿಕೊಂಡ ನೆಮ್ಮದಿಯನ್ನು ಒಂಬತ್ತರ ಹುಡುಗಿ ತ್ಯಾಗದ ಹೆಸರಿನಲ್ಲಿ ಬಿಟ್ಟುಕೊಡಬೇಕೆಂದು ಬಯಸುವುದು ನನಗೆ ಸಹಿಸಲಾಗದ ಮಾತು. ನೀವು ಬಳಲಿದ್ದೀರಿ, ಅತ್ತೆಯವರು ಹೆದರಿದ್ದಾರೆ, ಸಂಯೋಜಕರು ಬಹುಶಃ ಉಪಕಾರ ಮಾಡುತ್ತಿದ್ದೇವೆಂದೇ ಭಾವಿಸಿದ್ದಾರೆ. ಇವರೆಲ್ಲರ ಬಗ್ಗೆ ನನಗೆ ಮರುಕವಿದೆ. ಅಕ್ಕನವರ ಬಗ್ಗೆ ಸದ್ಯಕ್ಕೆ ಇಲ್ಲ.

ಮಗುವಿನ ‘ಬೇಡ’ ಎಂಬುದಕ್ಕೆ ಬೆಲೆ ಕೊಡಬೇಕೆಂಬುದು ನನ್ನೊಬ್ಬಳ ಭಾವುಕತೆಯಲ್ಲ. ಮನುಷ್ಯರ ಮೇಲಿನ ಸಂಶೋಧನೆಗೆ ನೈತಿಕ ಚೌಕಟ್ಟಾಗಿ ವಿಶ್ವ ವೈದ್ಯಕೀಯ ಸಂಘವು 1964ರಲ್ಲಿ ಅಂಗೀಕರಿಸಿ, ನಂತರ ಹಲವು ಬಾರಿ ಪರಿಷ್ಕರಿಸಿದ ಹೆಲ್ಸಿಂಕಿ ಘೋಷಣೆಯು, ತಾನಾಗಿ ಕಾನೂನುಬದ್ಧ ಒಪ್ಪಿಗೆ ಕೊಡಲಾಗದ ವ್ಯಕ್ತಿಯೂ ತನ್ನ ಸಮ್ಮತಿ ಸೂಚಿಸಬಲ್ಲವನಾಗಿದ್ದರೆ ಪೋಷಕರ ಒಪ್ಪಿಗೆಯ ಜೊತೆಗೆ ಅದನ್ನೂ ಪಡೆಯಬೇಕೆಂದು, ಅವನ ಅಸಮ್ಮತಿಯನ್ನು ಗೌರವಿಸಬೇಕೆಂದು ಹೇಳುತ್ತದೆ. ಅಂದರೆ ಬಾಗಿಲು ಹಾಕಿಕೊಂಡು ಅತ್ತ ಆ ಸಂಜೆಯೇ ನಿಮ್ಮ ಮಗಳು ತನ್ನ ಉತ್ತರ ಕೊಟ್ಟಾಗಿದೆ.

ಪ್ರಯಾಣದ ಬಗ್ಗೆ ನೀವು ಕೇಳಿದ್ದರಲ್ಲಿ ಎರಡೇ ವಿಷಯ ಮುಖ್ಯ. ಮಗ ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಮಾತ್ರೆಯನ್ನು ದೊಡ್ಡ ಪೆಟ್ಟಿಗೆಯಲ್ಲಿಡದೆ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ, ಎರಡು ದಿನಕ್ಕೆ ಹೆಚ್ಚುವರಿಯಾಗಿಯೇ ಇರಲಿ. ದೀರ್ಘಕಾಲ ತೆಗೆದುಕೊಂಡವರಲ್ಲಿ ಅದು ಥಟ್ಟನೆ ನಿಂತರೆ ಅಪಾಯ, ಪ್ರಯಾಣದಲ್ಲಿ ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಏನು ಮಾಡಬೇಕೆಂದು ನಿಮ್ಮ ವೈದ್ಯರಿಂದ ಬರೆಸಿಕೊಂಡಿರಿ. ಎರಡನೆಯದಾಗಿ, ರಾತ್ರಿಯಿಡೀ ಪ್ರಯಾಣ ಮಾಡಿ ಬೆಳಿಗ್ಗೆಯೇ ಪರೀಕ್ಷೆಗೆ ನಿಲ್ಲಿಸುವುದಕ್ಕೆ ಒಪ್ಪಬೇಡಿ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾನೆ, ಹತ್ತು ಮೀಟರ್ ಓಡಲು, ನೆಲದಿಂದ ಎದ್ದು ನಿಲ್ಲಲು ಎಷ್ಟು ಸೆಕೆಂಡು ಬೇಕು ಎಂಬುದೇ ಅಲ್ಲಿನ ಮುಖ್ಯ ಅಳತೆಗಳು. ನಿದ್ದೆಗೆಟ್ಟ ಮಗು ಕಡಿಮೆ ನಡೆದರೆ ದಾಖಲೆಗೆ ಹೋಗುವುದು ಕಾಯಿಲೆಯಲ್ಲ, ದಣಿವು. ಒಂದು ದಿನದ ವಿಶ್ರಾಂತಿ ಕೇಳುವಾಗ ನೀವು ಸಂಕೋಚಪಡಬೇಕಾಗಿಲ್ಲ, ಅದು ಅಧ್ಯಯನಕ್ಕೇ ಬೇಕಾದದ್ದು.

ಪತಿಯವರು ಜೊತೆಗೆ ಬರಲಿ. “ನಿನಗೆ ಸರಿ ಕಂಡಂತೆ ಮಾಡು” ಎಂಬುದು ಉದಾರತೆಯಂತೆ ಕೇಳಿಸಿದರೂ, ಮಗ ಪರೀಕ್ಷೆಯ ಕೋಣೆಯಲ್ಲಿರುವಾಗ ಮಗಳು ಹೊರಗಿನ ಬೆಂಚಿನ ಮೇಲೆ ಒಬ್ಬಳೇ ಕುಳಿತಿರುತ್ತಾಳೆ ಎಂಬುದು ಅದರ ಅರ್ಥ.

ನೀವು ಈಗ ಮಾಡಬೇಕಾದದ್ದು ಒಂದೇ. ದೂರವಾಣಿಯಲ್ಲಿ ಅಲ್ಲ, ಬರವಣಿಗೆಯಲ್ಲಿ, ಸಂಯೋಜಕರಿಗೆ ಇಷ್ಟನ್ನು ಕಳುಹಿಸಿ: “ನನ್ನ ಮಗ ಅಧ್ಯಯನದಲ್ಲಿ ಭಾಗವಹಿಸುತ್ತಾನೆ. ಮಗಳು ಭಾಗವಹಿಸುವುದಿಲ್ಲ, ಅವಳಿಂದ ಯಾವ ಮಾದರಿಯನ್ನೂ ತೆಗೆಯುವಂತಿಲ್ಲ. ಚಿಕ್ಕ ಮಗುವನ್ನು ಒಂಟಿಯಾಗಿ ಬಿಟ್ಟು ಬರುವುದು ಸಾಧ್ಯವಿಲ್ಲದ ಕಾರಣ, ಜೊತೆಗೆ ಬರುವ ಕುಟುಂಬದ ಸದಸ್ಯೆಯಾಗಿ ಅವಳ ಪ್ರಯಾಣ ವೆಚ್ಚವನ್ನು ಭರಿಸುವಿರಾ ಎಂದು ತಿಳಿಸಿ.” ಅವರು ನಿರಾಕರಿಸಿದರೆ, ಒಪ್ಪಿಗೆ ಪತ್ರದ ಕೊನೆಯಲ್ಲಿ ನೈತಿಕತಾ ಸಮಿತಿಯ ವಿಳಾಸವಿದೆಯೇ ನೋಡಿ, ಇದ್ದರೆ ಇದೇ ಪತ್ರವನ್ನು ಅಲ್ಲಿಗೂ ಕಳುಹಿಸಿ. ಉತ್ತರ ಬರುವವರೆಗೆ ಟಿಕೆಟ್ ಮಾಡಿಸಬೇಡಿ. ಕಳುಹಿಸುವ ಮೊದಲು ಪತ್ರವನ್ನು ಮಗಳಿಗೆ ಓದಿ ಹೇಳಿ, ಅಕ್ಕನವರು ಎದುರಿಗಿಲ್ಲದ ಹೊತ್ತಿನಲ್ಲಿ.