ಓದುಗರ ಪ್ರಶ್ನೆ: ನಂಜಿನ ಟೆಸ್ಟಿನ ಅಂಕಿ ಏನು ಹೇಳುತ್ತದೆ?

ಪ್ರಶ್ನೆ: ತಂದೆಯವರು ಐಸಿಯುನಲ್ಲಿದ್ದಾರೆ. ಸೆಪ್ಸಿಸ್, ಅಂದರೆ ಮೈಯೆಲ್ಲ ನಂಜೇರಿದೆ ಎಂದಿದ್ದಾರೆ. ರಕ್ತದ ಟೆಸ್ಟಿನಲ್ಲಿ ಪ್ರೊಕ್ಯಾಲ್ಸಿಟೋನಿನ್ ಮೊದಲ ದಿನ 18 ಇತ್ತು, ಎರಡು ದಿನ ಬಿಟ್ಟು 7. ಆದರೆ ಬ್ಲಡ್ ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಯಾವುದನ್ನು ನಂಬಬೇಕು? ಇಷ್ಟು ದುಬಾರಿ ಟೆಸ್ಟು ಮತ್ತೆ ಮತ್ತೆ ಬೇಕೇ?
– ದಾವಣಗೆರೆಯ ಓದುಗರು

ಉತ್ತರ: ಎರಡನ್ನೂ ನಂಬಬಹುದು, ಅವು ಹೇಳುವ ವಿಷಯ ಬೇರೆ ಬೇರೆ. ರಕ್ತವನ್ನು ಬಾಟಲಿಯಲ್ಲಿಟ್ಟು ಬೆಳೆಸಿ ಯಾವ ಬ್ಯಾಕ್ಟೀರಿಯಾ ಎಂದು ತಿಳಿಸುವುದು ಕಲ್ಚರ್. ಆಂಟಿಬಯಾಟಿಕ್ ಕೊಟ್ಟ ಮೇಲೆ ರಕ್ತ ತೆಗೆದಿದ್ದರೆ, ಅಥವಾ ಬಾಟಲಿಗೆ 8–10 ಮಿ.ಲೀ. ಹಾಕುವಲ್ಲಿ ಎರಡೋ ಮೂರೋ ಮಿ.ಲೀ. ಹಾಕಿದ್ದರೆ ಏನೂ ಬೆಳೆಯದೆ ಹೋಗಬಹುದು. ಹಾಗೆಂದು ಸೋಂಕಿಲ್ಲ ಎನ್ನುವಂತಿಲ್ಲ.

ಪ್ರೊಕ್ಯಾಲ್ಸಿಟೋನಿನ್ ತಿಳಿಸುವುದು ಸೋಂಕಿಗೆ ದೇಹ ಎಷ್ಟು ಜೋರಾಗಿ ಪ್ರತಿಕ್ರಿಯಿಸುತ್ತಿದೆ ಎಂಬುದನ್ನು. ಆರೋಗ್ಯವಂತರಲ್ಲಿ ಇದು ಮಿ.ಲೀ.ಗೆ 0.1 ನ್ಯಾನೋಗ್ರಾಂಗಿಂತ ಕಡಿಮೆ. ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗಿ ಅಲ್ಲೇ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್ ಆಗಿ ಮುಗಿಯುತ್ತದೆ. ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ಲಿವರ್, ಶ್ವಾಸಕೋಶ, ಕೊಬ್ಬಿನ ಅಂಗಾಂಶವೂ ಅದನ್ನು ರಕ್ತಕ್ಕೆ ಬಿಡುತ್ತವೆ. ನಾಲ್ಕೈದು ಗಂಟೆಯಲ್ಲಿ ಏರತೊಡಗುತ್ತದೆ. ಸೋಂಕಿನ ಮೂಲ ಹತೋಟಿಗೆ ಬಂದರೆ ಸುಮಾರು 24 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. 18 ಇದ್ದದ್ದು ಎರಡು ದಿನದಲ್ಲಿ 7 ಆಗಿದೆ ಎಂದರೆ ಸ್ವಲ್ಪ ನಿಧಾನವಾದರೂ ಸರಿದಾರಿಯಲ್ಲೇ ಇದೆ. ಕಿಡ್ನಿ ಕೆಲಸ ಕುಗ್ಗಿದವರಲ್ಲಿ ಇಳಿತ ಇನ್ನೂ ನಿಧಾನ. ಇಳಿಯದೆ ನಿಂತರೆ, ಅಥವಾ ಇಳಿದು ಮತ್ತೆ ಏರಿದರೆ, ಎಲ್ಲೋ ಕೀವು ಉಳಿದಿದೆಯೇ, ಕ್ಯಾಥೆಟರ್‌ಗೆ ಸೋಂಕು ತಗುಲಿದೆಯೇ, ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತಿಲ್ಲವೇ ಎಂದು ಹುಡುಕಬೇಕು.

ಮತ್ತೆ ಮತ್ತೆ ಟೆಸ್ಟು ಮಾಡಿಸುವುದಕ್ಕೆ ಅರ್ಥ ಬರುವುದು ಆಂಟಿಬಯಾಟಿಕ್ ನಿಲ್ಲಿಸುವ ತೀರ್ಮಾನದಲ್ಲಿ. ಗರಿಷ್ಠ ಮಟ್ಟದಿಂದ ಶೇ. 80ರಷ್ಟು ಇಳಿದರೆ, ಇಲ್ಲವೇ 0.5 ಅಥವಾ ಅದಕ್ಕೂ ಕಡಿಮೆಯಾದರೆ ನಿಲ್ಲಿಸಬಹುದು ಎಂಬ ಸಲಹೆಯನ್ನು ನೆದರ್‌ಲೆಂಡ್ಸ್‌ನ ಐಸಿಯುಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಚಿಕಿತ್ಸೆ ಮಧ್ಯಮಾಂಕದಲ್ಲಿ 7 ದಿನದಿಂದ 5ಕ್ಕೆ ಇಳಿಯಿತು. ನಿಮ್ಮ ತಂದೆಯವರ ಲೆಕ್ಕದಲ್ಲಿ 18 ಗರಿಷ್ಠವಾಗಿದ್ದರೆ, ಶೇ. 80ರಷ್ಟು ಇಳಿಯುವುದೆಂದರೆ 3.6ಕ್ಕೆ ಬರುವುದು. ರೋಗಿಯೂ ಚೇತರಿಸಿಕೊಂಡಿರಬೇಕು, ಬರೀ ಅಂಕಿ ಸಾಲದು. ಫಲಿತಾಂಶ ನೋಡಿ ಯಾರೂ ಏನನ್ನೂ ಬದಲಿಸದಿದ್ದರೆ ದಿನವೂ ಟೆಸ್ಟು ಮಾಡಿಸುವುದು ದುಡ್ಡು ದಂಡ. ‘ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಎಂದು ಡಾಕ್ಟರನ್ನು ಧಾರಾಳವಾಗಿ ಕೇಳಿ.

ಪ್ರಶ್ನೆ: ಒಂದೇ ರೋಗಿಯ ಲ್ಯಾಕ್ಟೇಟ್ ಅರ್ಧ ಗಂಟೆಯಲ್ಲಿ 2.1ರಿಂದ 4.4ಕ್ಕೆ ಹೋಯಿತು. ಬಿಪಿ, ಮೂತ್ರ ಎಲ್ಲ ಹಾಗೇ ಇತ್ತು. ಏನು ತಪ್ಪಾಗಿರಬಹುದು?
– ಐಸಿಯು ನರ್ಸ್, ಕಲಬುರಗಿ

ಉತ್ತರ: ಲ್ಯಾಕ್ಟೇಟ್ ಎಂದರೆ ಅಂಗಾಂಶಗಳಿಗೆ ರಕ್ತ, ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ವಸ್ತು. ಆದರೆ ಮೊದಲು ಸ್ಯಾಂಪಲ್ಲನ್ನು ಅನುಮಾನಿಸಿ. ರಕ್ತ ತೆಗೆದ ಮೇಲೂ ಕೆಂಪು ರಕ್ತಕಣಗಳು ಗ್ಲೂಕೋಸ್ ಬಳಸಿ ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಸಿರಿಂಜ್ ಮೇಜಿನ ಮೇಲೆ ಬಿದ್ದಿದ್ದರೆ ಅಂಕಿ ತಾನಾಗಿಯೇ ಏರುತ್ತದೆ. ರಕ್ತದ ಅನಿಲಗಳನ್ನು ಅಳೆಯುವ ಎಬಿಜಿ ಯಂತ್ರಕ್ಕೆ 15 ನಿಮಿಷದೊಳಗೆ ಹಾಕಿ. ಲ್ಯಾಬ್‌ಗೆ ಕಳಿಸುವುದಾದರೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್‌ನಲ್ಲಿ, ಐಸ್ ಮೇಲೆ ಇಟ್ಟು ಕಳಿಸಿ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ನರ ಹುಡುಕಬಾರದು. ಲ್ಯಾಕ್ಟೇಟ್ ಬೆರೆತ ಡ್ರಿಪ್ ದ್ರವವಾದ ರಿಂಗರ್ ಲ್ಯಾಕ್ಟೇಟ್ ಓಡುತ್ತಿರುವ ಲೈನಿನಿಂದಂತೂ ತೆಗೆಯಲೇಬೇಡಿ.

ಸ್ಯಾಂಪಲ್ ಸರಿಯಿದ್ದೂ ಏರಿದ್ದರೆ, ಅಡ್ರಿನಲಿನ್ ಡ್ರಿಪ್, ಫಿಟ್ಸ್, ಲಿವರ್ ಕಾಯಿಲೆ, ಸಕ್ಕರೆ ಕಾಯಿಲೆಯ ಔಷಧಿ ಮೆಟ್‌ಫಾರ್ಮಿನ್ ಕೂಡ ಕಾರಣವಿರಬಹುದು. ಇವು ಯಾವುದೂ ಇಲ್ಲದಿದ್ದರೆ ನಿರಾಳವಾಗಿರಬೇಡಿ, ಬಿಪಿ ಬೀಳುವ ಮೊದಲೇ ಲ್ಯಾಕ್ಟೇಟ್ ಏರುವುದುಂಟು. ಡಾಕ್ಟರಿಗೆ ತಿಳಿಸಿ ಕೂಡಲೇ ಇನ್ನೊಂದು ಸ್ಯಾಂಪಲ್ ಕಳಿಸಿ. ಅದರಲ್ಲೂ 2ಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಶುರುವಾದ ಮೇಲೆ ಎರಡರಿಂದ ನಾಲ್ಕು ಗಂಟೆಯೊಳಗೆ ಮತ್ತೆ ನೋಡುವುದು ವಾಡಿಕೆ.

ಪ್ರಶ್ನೆ: ಪ್ರೊಕ್ಯಾಲ್ಸಿಟೋನಿನ್ ಬರೀ 0.3 ಇದ್ದರೆ ಆಂಟಿಬಯಾಟಿಕ್ ತಡೆಹಿಡಿಯಬಹುದೇ?
– ವೈದ್ಯ ವಿದ್ಯಾರ್ಥಿ, ಮಂಗಳೂರು

ಉತ್ತರ: ಶಾಕ್‌ನಲ್ಲಿರುವ, ಅಂದರೆ ಬಿಪಿ ಕುಸಿದಿರುವ ರೋಗಿಗೆ ಖಂಡಿತ ಬೇಡ. ಸೋಂಕಿನ ಮೊದಲ ಗಂಟೆಗಳಲ್ಲಿ, ಸುತ್ತ ಗೋಡೆ ಕಟ್ಟಿಕೊಂಡ ಕೀವಿನಲ್ಲಿ, ಹೃದಯದ ಕವಾಟದ ಸೋಂಕಿನಲ್ಲಿ ಇದು ಕಡಿಮೆಯೇ ಇರಬಹುದು. ಉಲ್ಟಾ ಮೋಸವೂ ಇದೆ: ದೊಡ್ಡ ಆಪರೇಷನ್, ಸುಟ್ಟಗಾಯ, ತೀವ್ರ ಮಲೇರಿಯಾದಲ್ಲಿ ಬ್ಯಾಕ್ಟೀರಿಯಾ ಇಲ್ಲದೆಯೂ ಏರುತ್ತದೆ. ಆದ್ದರಿಂದಲೇ 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಔಷಧಿ ಶುರು ಮಾಡಲು ಈ ಟೆಸ್ಟನ್ನು ನೆಚ್ಚಬೇಡಿ ಎನ್ನುತ್ತದೆ. ಕಲ್ಚರ್‌ಗೆ ರಕ್ತ ತೆಗೆಯಿರಿ, ಅದಕ್ಕಾಗಿ 45 ನಿಮಿಷಕ್ಕಿಂತ ಹೆಚ್ಚು ಕಾಯದೆ ಮೊದಲ ಡೋಸ್ ಕೊಡಿ.