ಕಲ್ಲಿನ ಗುಡಾಣಗಳ ಬಯಲಿಗೆ ಹೋಗುವ ಮುನ್ನ

ಪ್ರಶ್ನೆ: ಲಾವೋಸ್‌ನ ಫೋನ್ಸಾವನ್ ಬಳಿಯ ಪುರಾತನ ಕಲ್ಲಿನ ಗುಡಾಣಗಳನ್ನು ನೋಡುವ ಆಸೆ. ಅಲ್ಲಿ ಸಿಡಿಯದ ಬಾಂಬುಗಳು ಇನ್ನೂ ಇವೆಯಂತೆ. ಹೋಗಬಹುದೇ?

ಉತ್ತರ: ಧಾರಾಳವಾಗಿ ಹೋಗಿ, ನೆಲ ನೋಡಿ ಕಾಲಿಡಿ. 1964ರಿಂದ 1973ರವರೆಗೆ ಅಮೆರಿಕ ಸುರಿಸಿದ ಕ್ಲಸ್ಟರ್ ಬಾಂಬಿನ ಮರಿಗುಂಡುಗಳಲ್ಲಿ ಶೇ. 30ರಷ್ಟು ಸಿಡಿದಿಲ್ಲವೆಂಬ ಅಂದಾಜಿದೆ. ಟೆನಿಸ್ ಚೆಂಡಿನಷ್ಟಿರುವ ಇವು ಮಣ್ಣು ಮೆತ್ತಿಕೊಂಡರೆ ಗುರುತೇ ಸಿಗವು. ಆಟಿಕೆಯೆಂದು ಎತ್ತಿಕೊಂಡು ಮಕ್ಕಳು ಸಾಯುತ್ತಿರುವುದು ಘೋರ. ತಾಣಗಳಲ್ಲಿ ಕೆಂಪು-ಬಿಳಿ ಗುರುತುಗಲ್ಲುಗಳನ್ನು ನೆಟ್ಟಿದ್ದಾರೆ. ಬಿಳಿ ಬದಿಯಲ್ಲಿ ಮಣ್ಣಿನೊಳಗೂ ಶೋಧಿಸಿ ತೆಗೆದಿದ್ದಾರೆ, ಕೆಂಪು ಬದಿಯಲ್ಲಿ ಮೇಲ್ಮೈ ಮಾತ್ರ. ಫೋಟೊಗೆಂದು ಒಂದು ಹೆಜ್ಜೆಯೂ ಕೆಂಪಿನತ್ತ ಬೇಡ. ಮಳೆಗೆ ಮಣ್ಣು ಕೊಚ್ಚಿಹೋದಾಗ ಹೂತಿದ್ದವು ಮೇಲೆ ಬರುತ್ತವೆ. ನೆಲದ ಮೇಲೆ ಬೆಂಕಿ ಹಾಕಬೇಡಿ, ಕಾವಿಗೆ ಸಿಡಿದಾವು. ಲೋಹದ್ದೇನು ಕಂಡರೂ ಮುಟ್ಟದೆ, ಬಂದ ಜಾಡಿನಲ್ಲೇ ಹಿಂತಿರುಗಿ ಸಿಬ್ಬಂದಿಗೆ ತಿಳಿಸಿ.